ರೋಗಿ ಇಲ್ಲದ ಆಪರೇಷನ್ ಥಿಯೇಟರ್: ಮೂಳೆ ಸರ್ಜನ್‌ಗಳು ವಿಆರ್ ಕನ್ನಡಕ ಹಾಕಿ ಕಲಿಯೋದು ಹೇಗೆ?

ಸಂತೆ ಮುಗಿಸಿಕೊಂಡು ಬರುವಾಗ ಬೈಕ್ ಸ್ಕಿಡ್ ಆಗಿ, ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡವರು ಯಾವ ತಾಲೂಕಿಗೆ ಹೋದರೂ ಸಿಗುತ್ತಾರೆ. 108 ಬರುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಕಾಲಿಗೆ ಪಟ್ಟಿ ಕಟ್ಟಿ, ರಾಡ್ ಹಾಕಿಸಬೇಕು, ದೊಡ್ಡಾಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದು ಕೊಡುತ್ತಾರೆ. ಆಗ ಮನೆಯವರ ತಲೆಯಲ್ಲಿ ಓಡೋದು ಎರಡೇ ಪ್ರಶ್ನೆ. ಖರ್ಚು ಎಷ್ಟಾಗುತ್ತೆ? ಆಪರೇಷನ್ ಮಾಡೋ ಡಾಕ್ಟರ ಕೈ ಹೇಗೆ?

ಕೆಲವರು ಈ ಎರಡನೇ ಪ್ರಶ್ನೆಗೆ ಹೆದರಿಯೇ ಆಸ್ಪತ್ರೆ ಬಿಟ್ಟು ಪುತ್ತೂರು ಕಟ್ಟು ಹಾಕಿಸಲು ಹೊರಡುತ್ತಾರೆ. ಭಯ ಸಹಜವೇ. ಯಾಕೆಂದರೆ ಯಾವ ಡಾಕ್ಟರೂ ಹುಟ್ಟುತ್ತಲೇ ಕೈ ಕುದುರಿಸಿಕೊಂಡು ಬಂದಿರುವುದಿಲ್ಲ. ನೂರು ರಾಡ್ ಹಾಕಿದ ಸರ್ಜನ್ ಕೂಡ ಒಂದು ದಿನ ಮೊದಲನೆಯದನ್ನು ಹಾಕಿರಲೇಬೇಕು. ಆ ಮೊದಲನೆಯದು ಯಾರ ಕಾಲು?

ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳಲ್ಲಿ ಒಂದು ವರ್ಚುವಲ್ ರಿಯಾಲಿಟಿ, ಚಿಕ್ಕದಾಗಿ ವಿಆರ್. ಕಣ್ಣಿಗೆ ದಪ್ಪನೆಯ ಕನ್ನಡಕದಂಥ ಸಾಧನ ಹಾಕಿಕೊಂಡು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಇಲ್ಲದ ರೋಗಿಯ ಇಲ್ಲದ ಮೂಳೆಗೆ ರಾಡ್ ಹಾಕುವ ಅಭ್ಯಾಸ. ಕೇಳಲು ಮಕ್ಕಳ ವಿಡಿಯೋ ಗೇಮ್ ಹಾಗೆ ಅನ್ನಿಸುತ್ತದೆ. ಆದರೆ ಲಂಡನ್, ಅಮೆರಿಕ, ಕೆನಡಾದ ಮೆಡಿಕಲ್ ಕಾಲೇಜುಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿ, ಲೆಕ್ಕ ಹಾಕಿ ನೋಡಿದ್ದಾರೆ.

ಮೂಳೆ ಆಪರೇಷನ್ ಕಲಿಯೋದು ಯಾಕಷ್ಟು ಕಷ್ಟ?

ಮೂಳೆ ಡಾಕ್ಟರ ಕೆಲಸ ಅರ್ಧ ವೈದ್ಯಕೀಯ, ಅರ್ಧ ಬಡಗಿ ಕೆಲಸ ಅಂತ ತಮಾಷೆಗೆ ಹೇಳುವುದುಂಟು. ಡ್ರಿಲ್, ಸುತ್ತಿಗೆ, ಗರಗಸ, ಸ್ಕ್ರೂ, ಪ್ಲೇಟು ಎಲ್ಲವೂ ಅಲ್ಲಿವೆ. ಆದರೆ ಬಡಗಿಗೆ ಮರ ಪೂರ್ತಿ ಕಣ್ಣಿಗೆ ಕಾಣುತ್ತದೆ. ಸರ್ಜನ್‌ಗೆ ಮೂಳೆಯ ಸ್ವಲ್ಪ ಭಾಗ ಮಾತ್ರ ಕಾಣುತ್ತದೆ, ಉಳಿದದ್ದು ಮಾಂಸ, ನರ, ರಕ್ತನಾಳಗಳ ಹಿಂದೆ ಅಡಗಿರುತ್ತದೆ.

ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯನ್ನೇ ತೆಗೆದುಕೊಳ್ಳಿ. ಡಾಕ್ಟರುಗಳು ಇದನ್ನು ಟಿಬಿಯಾ ಅನ್ನುತ್ತಾರೆ. ಈ ಮೂಳೆ ಒಳಗೆ ಕೊಳವೆಯ ಹಾಗಿರುತ್ತದೆ. ಜನ ರಾಡ್ ಅಂತ ಕರೆಯುವ ಲೋಹದ ನೈಲ್ ಅನ್ನು ಈ ಕೊಳವೆಯೊಳಗೆ ಇಳಿಸಿದರೆ ಮುರಿದ ಎರಡು ತುಂಡುಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಈ ವಿಧಾನವನ್ನು ಬಳಕೆಗೆ ತಂದವರು ಜರ್ಮನಿಯ ಕೀಲ್ ನಗರದ ಸರ್ಜನ್ ಗೆರ್ಹಾರ್ಡ್ ಕ್ಯುಂಟ್‌ಷರ್. ಅವರು 1939ರಲ್ಲಿ ತೊಡೆ ಮೂಳೆಗೆ ಇಂಥ ನೈಲ್ ಹಾಕಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರಿಗೆ ಸೆರೆ ಸಿಕ್ಕು ವಾಪಸ್ ಬಂದ ಅಮೆರಿಕದ ಸೈನಿಕರ ಎಕ್ಸ್‌ರೇ ತೆಗೆದಾಗ ತೊಡೆಯೊಳಗೆ ಉದ್ದನೆಯ ಲೋಹದ ಸರಳು ಕಂಡು ಅಲ್ಲಿನ ಡಾಕ್ಟರುಗಳೇ ಬೆರಗಾಗಿದ್ದರು.

ಈಗ ಅದೇ ಆಪರೇಷನ್ ಪ್ರಪಂಚದಾದ್ಯಂತ ಮಾಮೂಲಿ. ಮಾಮೂಲಿ ಅಂದರೆ ಸುಲಭ ಅಂತಲ್ಲ. ಹಂತಗಳನ್ನು ಸ್ವಲ್ಪ ನೋಡಿ.

ಮೊದಲು ಮೊಣಕಾಲಿನ ಹತ್ತಿರ ಸಣ್ಣದಾಗಿ ಕೊಯ್ದು, ಮೂಳೆಯ ಮೇಲ್ತುದಿಯಲ್ಲಿ ರಂಧ್ರ ಮಾಡಬೇಕು. ಈ ರಂಧ್ರದ ಜಾಗ ಸ್ವಲ್ಪ ಆಚೀಚೆ ಆದರೂ ನೈಲ್ ಸೊಟ್ಟಗೆ ಇಳಿದು ಮೂಳೆ ಓರೆಯಾಗಿ ಕೂರಬಹುದು. ಆಮೇಲೆ ತೆಳುವಾದ ತಂತಿಯನ್ನು ಮುರಿದ ಜಾಗ ದಾಟಿಸಿ ಕೆಳಗಿನ ತುಂಡಿನೊಳಕ್ಕೆ ಕಳಿಸಬೇಕು. ತಂತಿ ಸರಿಯಾಗಿ ಒಳಗೆ ಹೋಯಿತೋ, ಪಕ್ಕದ ಮಾಂಸಕ್ಕೆ ನುಗ್ಗಿತೋ ಅಂತ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ನೋಡಬೇಕು. ಆ ತಂತಿಯ ಮೇಲೆ ರೀಮರ್ ಎಂಬ ಕೊರೆಯುವ ಸಾಧನ ಓಡಿಸಿ, ಅರ್ಧ ಅರ್ಧ ಮಿಲಿಮೀಟರ್ ಹೆಚ್ಚಿಸುತ್ತಾ ಕೊಳವೆ ಅಗಲ ಮಾಡಬೇಕು. ನಂತರ ನೈಲ್. ಕೊನೆಗೆ ಮೇಲೆ ಕೆಳಗೆ ಅಡ್ಡ ಸ್ಕ್ರೂ ಹಾಕಿ ಬಿಗಿ ಮಾಡಬೇಕು.

ಕೈ ಪರೀಕ್ಷೆ ಮಾಡೋದು ಕೆಳಗಿನ ಸ್ಕ್ರೂಗಳೇ. ನೈಲ್‌ನಲ್ಲಿ ಮೊದಲೇ ತೂತು ಇರುತ್ತದೆ, ಆದರೆ ಅದು ಮೂಳೆಯೊಳಗೆ ಹುದುಗಿರುತ್ತದೆ. ಹೊರಗಿನಿಂದ ಡ್ರಿಲ್ ಮಾಡಿ ಸರಿಯಾಗಿ ಆ ತೂತಿಗೇ ಹೋಗಬೇಕು. ಅದಕ್ಕೆ ಎಕ್ಸ್‌ರೇ ಯಂತ್ರವನ್ನು ತಿರುಗಿಸಿ ತಿರುಗಿಸಿ, ಪರದೆಯಲ್ಲಿ ಆ ತೂತು ಪೂರ್ತಿ ದುಂಡಗೆ ಕಾಣುವ ತನಕ ಹೊಂದಿಸುತ್ತಾರೆ. ಮೊಟ್ಟೆಯ ಹಾಗೆ ಉದ್ದಕ್ಕೆ ಕಂಡರೆ ಕೋನ ತಪ್ಪಿದೆ ಅಂತ ಅರ್ಥ. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಹೊಸಬರು ಇಲ್ಲೇ ಹೆಚ್ಚು ಸಮಯ ಕಳೆಯುತ್ತಾರೆ, ಹೆಚ್ಚು ಸಲ ಎಕ್ಸ್‌ರೇ ಒತ್ತುತ್ತಾರೆ. ಆ ಕಿರಣ ರೋಗಿಗೂ ತಗಲುತ್ತದೆ, ಡಾಕ್ಟರಿಗೂ, ಪಕ್ಕದಲ್ಲಿ ನಿಂತ ನರ್ಸಿಗೂ.

ಇಷ್ಟೆಲ್ಲ ಮಾಡಿ ಮುರಿದ ತುಂಡುಗಳನ್ನು ತಿರುಚಿ ಕೂರಿಸಿಬಿಟ್ಟರೆ ಪಾದ ಹೊರಕ್ಕೋ ಒಳಕ್ಕೋ ತಿರುಗಿದ ಹಾಗೆಯೇ ಮೂಳೆ ಕೂಡಿಕೊಳ್ಳುತ್ತದೆ. ದಿನವಿಡೀ ನಿಂತು ಅಂಗಡಿ ನಡೆಸುವವರಿಗೆ, ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಅದು ಜೀವನಪೂರ್ತಿ ಕಾಡುವ ಊನ.

ಇಲ್ಲಿಯವರೆಗೆ ಕಲಿತದ್ದು ಹೇಗೆ?

ಎಂಬಿಬಿಎಸ್ ಮುಗಿಸಿದವರು ಮೂರು ವರ್ಷ ಎಂಎಸ್ ಆರ್ಥೋಪೆಡಿಕ್ಸ್ ಓದುತ್ತಾರೆ. ಕೈಕೆಲಸ ಕಲಿಯುವ ಪದ್ಧತಿ ಗುರು-ಶಿಷ್ಯರದ್ದು. ಮೊದಲು ಹಿರಿಯರು ಮಾಡುವುದನ್ನು ನಿಂತು ನೋಡೋದು, ಆಮೇಲೆ ಕೊಕ್ಕೆ ಹಿಡಿದು ಸಹಾಯ ಮಾಡೋದು, ಆಮೇಲೆ ಹಿರಿಯರ ಕಣ್ಗಾವಲಿನಲ್ಲಿ ತಾವೇ ಮಾಡೋದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಪದ್ಧತಿ ಇದು. ಒಂದು ನೋಡು, ಒಂದು ಮಾಡು, ಒಂದು ಕಲಿಸು ಎನ್ನುವ ಮಾತು ಸರ್ಜನ್‌ಗಳ ನಡುವೆ ಇವತ್ತಿಗೂ ಓಡಾಡುತ್ತದೆ.

ಈ ಪದ್ಧತಿ ಒಳ್ಳೆಯ ಸರ್ಜನ್‌ಗಳನ್ನು ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದಕ್ಕೆ ಎರಡು ತೊಂದರೆಗಳಿವೆ.

ಒಂದು, ಯಾವ ಕೇಸು ಯಾವಾಗ ಬರುತ್ತದೆ ಅನ್ನೋದು ಅದೃಷ್ಟ. ಒಬ್ಬ ವಿದ್ಯಾರ್ಥಿಯ ಡ್ಯೂಟಿಯಲ್ಲಿ ಹತ್ತು ಕಾಲು ಮುರಿದ ಕೇಸ್ ಬರಬಹುದು, ಇನ್ನೊಬ್ಬನಿಗೆ ಒಂದೂ ಬರದೆ ಹೋಗಬಹುದು. ಜೊತೆಗೆ ಕೆಲಸದ ಗಂಟೆಗಳಿಗೂ ಮಿತಿ ಬಂತು. ಅಮೆರಿಕದಲ್ಲಿ 2003ರಿಂದ ಕಲಿಯುವ ಡಾಕ್ಟರುಗಳಿಗೆ ವಾರಕ್ಕೆ 80 ಗಂಟೆಯ ಮಿತಿ ಇದೆ, ಯುರೋಪಿನಲ್ಲಿ 48 ಗಂಟೆ. ಕೊರೊನಾ ಕಾಲದಲ್ಲಿ ತುರ್ತಿಲ್ಲದ ಆಪರೇಷನ್‌ಗಳು ನಿಂತಾಗ ಕಲಿಯುವವರ ಕೈಗೆ ಕೆಲಸವೇ ಇಲ್ಲದಂತಾಗಿತ್ತು.

ಎರಡನೆಯದು ಇನ್ನೂ ಗಂಭೀರ. ಕಲಿಯುವವರ ತಪ್ಪಿನ ಬೆಲೆ ತೆರುವವರು ರೋಗಿಗಳು. ಕಲಿಕೆ ಹೆಚ್ಚು ನಡೆಯುವುದು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಅಲ್ಲಿ ಬೆಡ್ ಮೇಲೆ ಮಲಗುವವರು ಹೆಚ್ಚಾಗಿ ಬಡವರು. ಹಿರಿಯರು ಪಕ್ಕದಲ್ಲೇ ನಿಂತು ತಿದ್ದುತ್ತಾರೆ ನಿಜ. ಆದರೂ ಮೊದಲ ಸಲ ಡ್ರಿಲ್ ಹಿಡಿದ ಕೈ ಸ್ವಲ್ಪ ನಡುಗುತ್ತದೆ, ಆಪರೇಷನ್ ಉದ್ದವಾಗುತ್ತದೆ.

ಬೇರೆ ಕಸುಬುಗಳಲ್ಲಿ ಇದಕ್ಕೆ ಉಪಾಯ ಮೊದಲಿನಿಂದ ಇದೆ. ಟೈಲರ್ ಅಂಗಡಿಗೆ ಸೇರಿದ ಹುಡುಗನ ಕೈಗೆ ಗಿರಾಕಿಯ ಬಟ್ಟೆ ಮೊದಲ ದಿನವೇ ಕೊಡುವುದಿಲ್ಲ, ಹಳೇ ಪೇಪರ್ ಕತ್ತರಿಸಲು ಕೊಡುತ್ತಾರೆ. ಕ್ಷೌರ ಕಲಿಯುವವರು ಬಲೂನಿಗೆ ನೊರೆ ಹಚ್ಚಿ ಕತ್ತಿ ಆಡಿಸುತ್ತಾರೆ. ಗ್ಯಾರೇಜಿನಲ್ಲಿ ಮೊದಲು ಬಿಚ್ಚೋದು ಗುಜರಿ ಇಂಜಿನ್. ಮೂಳೆ ಡಾಕ್ಟರಿಗೂ ಅಂಥದ್ದು ಇದೆ: ಪ್ಲಾಸ್ಟಿಕ್ ಮೂಳೆ ಮತ್ತು ದಾನವಾಗಿ ಬಂದ ಮೃತದೇಹ.

ಪ್ಲಾಸ್ಟಿಕ್ ಮೂಳೆಗೆ ಡ್ರಿಲ್ ಹಾಕಿ ಕಲಿಯಬಹುದು, ಆದರೆ ಒಮ್ಮೆ ತೂತು ಬಿದ್ದರೆ ಅದು ಮುಗಿಯಿತು, ಮತ್ತೊಂದು ತರಬೇಕು. ಸುತ್ತ ಮಾಂಸ, ನರ ಯಾವುದೂ ಇರುವುದಿಲ್ಲ. ಮೃತದೇಹದ ಮೇಲಿನ ಅಭ್ಯಾಸ ನಿಜಕ್ಕೆ ತುಂಬ ಹತ್ತಿರ, ಆದರೆ ದೇಹಗಳು ಬೇಕಾದಷ್ಟು ಸಿಗುವುದಿಲ್ಲ. ಬೈಲಹೊಂಗಲದ ವೈದ್ಯ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ಬೆಳಗಾವಿಯಲ್ಲಿ ತಮ್ಮ ತಂದೆಯ ಇಚ್ಛೆಯಂತೆ ಅವರ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ವಿಚ್ಛೇದನ ಮಾಡಿ ಕಲಿಸಿದ್ದು ದೇಶಾದ್ಯಂತ ಸುದ್ದಿಯಾಗಿತ್ತು. ದೇಹದಾನದ ಅರಿವು ಹೆಚ್ಚಾಗಲಿ ಅನ್ನೋದು ಅದರ ಉದ್ದೇಶ. ಬೆಂಗಳೂರಿನ ಎಂ.ಎಸ್. ರಾಮಯ್ಯ ಅಡ್ವಾನ್ಸ್‌ಡ್ ಲರ್ನಿಂಗ್ ಸೆಂಟರ್‌ನಂಥ ಕೆಲವು ಕಡೆ ಸರ್ಜನ್‌ಗಳಿಗೆ ಮೃತದೇಹದ ಮೇಲೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಪ್ರತಿ ವಿದ್ಯಾರ್ಥಿಗೆ ವಾರಕ್ಕೊಂದು ಸಲ ಅಂಥ ಅವಕಾಶ ಸಿಗೋದು ಮಾತ್ರ ಆಗದ ಮಾತು.

ಪೈಲಟ್‌ಗಳಿಂದ ಬಂದ ಪಾಠ

ಸುಳ್ಳು ಯಂತ್ರದಲ್ಲಿ ಕೂತು ನಿಜವಾದ ಕೆಲಸ ಕಲಿಯುವ ಯೋಚನೆ ಬಂದದ್ದು ವಿಮಾನದವರಿಂದ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ತಂದೆ ಸಂಗೀತದ ಆರ್ಗನ್ ಪೆಟ್ಟಿಗೆ ತಯಾರಿಸುವ ಕಾರ್ಖಾನೆ ಇಟ್ಟಿದ್ದರು. ಆ ಪೆಟ್ಟಿಗೆಗೆ ಗಾಳಿ ಊದುವ ತಿದಿಗಳನ್ನೇ ಬಳಸಿ, ಕೂತಲ್ಲೇ ವಾಲುವ, ತಿರುಗುವ ಪುಟ್ಟ ವಿಮಾನವನ್ನು ಲಿಂಕ್ 1929ರಲ್ಲಿ ಕಟ್ಟಿದ. ಮೊದಲು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಜಾತ್ರೆಯ ಆಟದ ಸಾಮಾನಿನ ಹಾಗೆ ಮಾರಾಟವಾಯಿತು.

1934ರಲ್ಲಿ ಅಮೆರಿಕದ ಸೇನೆಗೆ ವಿಮಾನದಲ್ಲಿ ಟಪಾಲು ಸಾಗಿಸುವ ಕೆಲಸ ಬಿತ್ತು. ಮಂಜು, ಮಳೆ, ರಾತ್ರಿಯಲ್ಲಿ ಹಾರಿ ಅಭ್ಯಾಸವಿಲ್ಲದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತರು. ಆಗ ಸೇನೆ ಎಚ್ಚೆತ್ತು ಲಿಂಕ್‌ನಿಂದ 6 ಯಂತ್ರ ಖರೀದಿಸಿತು. ಇವತ್ತು ಸಿಮ್ಯುಲೇಟರಿನಲ್ಲಿ ಪರೀಕ್ಷೆ ಪಾಸಾಗದೆ ಯಾವ ಪೈಲಟ್ಟೂ ಪ್ರಯಾಣಿಕರ ವಿಮಾನ ಹಾರಿಸುವಂತಿಲ್ಲ.

ಸರ್ಜರಿಗೆ ಇದು ಬರಲು ತಡವಾಯಿತು. ದೊಡ್ಡ ತಿರುವು ಸಿಕ್ಕಿದ್ದು 2002ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಿಂದ. ಅದು ಮೂಳೆಯದ್ದಲ್ಲ, ಸಣ್ಣ ರಂಧ್ರದ ಮೂಲಕ ಪಿತ್ತಕೋಶ ತೆಗೆಯುವ ಆಪರೇಷನ್. ಕಲಿಯುತ್ತಿದ್ದ 16 ಡಾಕ್ಟರುಗಳಲ್ಲಿ ಅರ್ಧ ಜನರಿಗೆ ಕಂಪ್ಯೂಟರ್ ಸಿಮ್ಯುಲೇಟರ್ ಮೇಲೆ ಅಭ್ಯಾಸ ಮಾಡಿಸಿ, ಆಮೇಲೆ ಎಲ್ಲರನ್ನೂ ನಿಜವಾದ ಆಪರೇಷನ್‌ನಲ್ಲಿ ಗಮನಿಸಿದರು. ಅಭ್ಯಾಸ ಮಾಡಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು 29 ಶೇಕಡಾ ಬೇಗ ಮುಗಿಸಿದರು. ತಪ್ಪುಗಳ ಸಂಖ್ಯೆಯಲ್ಲಂತೂ ಅಜಗಜಾಂತರ: ಅಭ್ಯಾಸ ಮಾಡದವರದ್ದು ಒಂದು ಆಪರೇಷನ್‌ಗೆ ಸರಾಸರಿ 7ಕ್ಕಿಂತ ಹೆಚ್ಚು, ಮಾಡಿದವರದ್ದು ಒಂದು ಚಿಲ್ಲರೆ.

ಕನ್ನಡಕದೊಳಗೆ ಏನಿರುತ್ತೆ?

ತಲೆಗೆ ಹಾಕುವ ವಿಆರ್ ಪೆಟ್ಟಿಗೆಯಲ್ಲಿ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸುವ ಪರದೆ, ಅದರ ಮುಂದೆ ಲೆನ್ಸ್ ಇರುತ್ತವೆ. ಎರಡು ಚಿತ್ರಗಳ ನಡುವೆ ಇರುವ ಸಣ್ಣ ವ್ಯತ್ಯಾಸವನ್ನು ಮಿದುಳು ಜೋಡಿಸಿಕೊಂಡು ಆಳ ಕಾಣುತ್ತದೆ. ತಲೆ ತಿರುಗಿಸಿದರೆ ಪೆಟ್ಟಿಗೆಯಲ್ಲಿರುವ ಸೆನ್ಸರ್‌ಗಳು ತಕ್ಷಣ ಗುರುತಿಸಿ ಚಿತ್ರವನ್ನೂ ತಿರುಗಿಸುತ್ತವೆ. ಬಗ್ಗಿದರೆ ರೋಗಿಯ ಕಾಲು ಹತ್ತಿರ ಬರುತ್ತದೆ, ಪಕ್ಕಕ್ಕೆ ನಡೆದರೆ ಟೇಬಲ್ಲಿನ ಇನ್ನೊಂದು ಬದಿ ಕಾಣುತ್ತದೆ. ಸೆಕೆಂಡಿಗೆ 70ಕ್ಕಿಂತ ಹೆಚ್ಚು ಸಲ ಚಿತ್ರ ಬದಲಾಗುವುದರಿಂದ ಕಣ್ಣು ಅದನ್ನು ನಿಜವೆಂದೇ ನಂಬುತ್ತದೆ.

ತಲೆಗೆ ಹಾಕುವ ಇಂಥ ಸಾಧನವನ್ನು ಅಮೆರಿಕದ ಐವಾನ್ ಸದರ್‌ಲ್ಯಾಂಡ್ 1968ರಲ್ಲೇ ಮಾಡಿ ತೋರಿಸಿದ್ದರು. ಅದು ಎಷ್ಟು ಭಾರವಿತ್ತು ಅಂದರೆ ಚಾವಣಿಗೆ ನೇತು ಹಾಕಬೇಕಿತ್ತು. 2019ರಲ್ಲಿ ವೈರ್ ಇಲ್ಲದ, ಬೇರೆ ಕಂಪ್ಯೂಟರ್ ಬೇಡದ ಆಕ್ಯುಲಸ್ ಕ್ವೆಸ್ಟ್ ಅಮೆರಿಕದಲ್ಲಿ 399 ಡಾಲರಿಗೆ ಮಾರುಕಟ್ಟೆಗೆ ಬಂತು. ಒಂದು ಒಳ್ಳೆ ಮೊಬೈಲಿನ ಬೆಲೆಗೆ ಪೆಟ್ಟಿಗೆ ಸಿಗತೊಡಗಿದ ಮೇಲೆ ಮೆಡಿಕಲ್ ಕಾಲೇಜುಗಳಿಗೂ ಇದು ಎಟುಕುವಂತಾಯಿತು.

ಪೆಟ್ಟಿಗೆ ಹಾಕಿದ ವಿದ್ಯಾರ್ಥಿಗೆ ಎದುರಿಗೆ ಪೂರ್ತಿ ಆಪರೇಷನ್ ಥಿಯೇಟರ್ ಕಾಣುತ್ತದೆ. ದೀಪ, ಟೇಬಲ್ಲು, ಸಾಮಾನಿನ ಟ್ರೇ, ಎಕ್ಸ್‌ರೇ ಪರದೆ. ಕೈಯಲ್ಲಿರುವ ಹಿಡಿಕೆಯೇ ಒಮ್ಮೆ ಡ್ರಿಲ್ ಆಗುತ್ತದೆ, ಒಮ್ಮೆ ಸುತ್ತಿಗೆ. ತಂತಿ ತಪ್ಪು ದಾರಿಗೆ ಹೋದರೆ ಎಕ್ಸ್‌ರೇ ಪರದೆಯಲ್ಲೂ ಹಾಗೆಯೇ ಕಾಣುತ್ತದೆ. ಎಷ್ಟು ಸಲ ಎಕ್ಸ್‌ರೇ ಒತ್ತಿದರೂ ಕಿರಣದ ಭಯವಿಲ್ಲ. ಯಾವ ಹಂತ ಬಿಟ್ಟಿದ್ದು, ಕೋನ ಎಷ್ಟು ತಪ್ಪಿದ್ದು, ಎಷ್ಟು ನಿಮಿಷ ಹಿಡಿದದ್ದು ಎಲ್ಲವನ್ನೂ ಯಂತ್ರ ಬರೆದಿಟ್ಟುಕೊಂಡು ಕೊನೆಗೆ ಅಂಕ ಕೊಡುತ್ತದೆ. ಹಾಳಾದರೆ ಇನ್ನೊಂದು ಸಲ ಮೊದಲಿನಿಂದ ಶುರು. ಮೂಳೆ ಖರ್ಚಾಗೋದಿಲ್ಲ, ರೋಗಿ ನೋಯೋದಿಲ್ಲ.

ಪರೀಕ್ಷೆಯಲ್ಲಿ ಏನು ಕಂಡುಬಂತು?

ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದವರು ಮೇಲೆ ಹೇಳಿದ ಟಿಬಿಯಾ ಆಪರೇಷನ್ನನ್ನೇ ಆರಿಸಿಕೊಂಡರು. ಆ ಆಪರೇಷನ್ ಕಂಡೇ ಇರದ, ಮೊದಲ ಮತ್ತು ಎರಡನೇ ವರ್ಷದ 20 ಮೆಡಿಕಲ್ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪುಸ್ತಕದ ಮಾರ್ಗದರ್ಶಿ, ಇನ್ನೊಂದಕ್ಕೆ ವಿಆರ್. ಆಮೇಲೆ ಎಲ್ಲರಿಂದಲೂ ಪ್ಲಾಸ್ಟಿಕ್ ಮೂಳೆಗೆ ನೈಲ್ ಹಾಕಿಸಿದರು. ಅಂಕ ಕೊಡುವವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಲಿಲ್ಲ. 2020ರಲ್ಲಿ ಪ್ರಕಟವಾದ ಫಲಿತಾಂಶ: ವಿಆರ್‌ನಲ್ಲಿ ಕಲಿತವರು 38 ಶೇಕಡಾ ಹೆಚ್ಚು ಹಂತಗಳನ್ನು ಸರಿಯಾಗಿ ಮಾಡಿದರು, 20 ಶೇಕಡಾ ಬೇಗ ಮುಗಿಸಿದರು. ಅಲ್ಲಿ ಬಳಸಿದ್ದು ಆಸ್ಸೋ ವಿಆರ್ ಎಂಬ ಕಂಪನಿಯ ತಂತ್ರಾಂಶ. ಅದನ್ನು 2016ರಲ್ಲಿ ಶುರು ಮಾಡಿದ ಜಸ್ಟಿನ್ ಬರಾಡ್ ಸ್ವತಃ ಮೂಳೆ ಸರ್ಜನ್.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ತೆಗೆದುಕೊಂಡದ್ದು ಸೊಂಟದ ಕೀಲು ಬದಲಾಯಿಸುವ ಆಪರೇಷನ್. ಸವೆದ ಕೀಲು ತೆಗೆದು ಕೃತಕ ಬಟ್ಟಲು ಮತ್ತು ಚೆಂಡು ಕೂರಿಸೋದು. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1960ರ ದಶಕದಲ್ಲಿ ಇದನ್ನು ಜನಸಾಮಾನ್ಯರ ಆಪರೇಷನ್ ಮಾಡಿದವರು. ಬಟ್ಟಲು ಯಾವ ಕೋನದಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಕೋನ ತೀರಾ ತಪ್ಪಿದರೆ ಚೆಂಡು ಬಟ್ಟಲಿನಿಂದ ಜಾರಿ ಹೊರಬರುವ ಅಪಾಯ ಹೆಚ್ಚು, ಕೀಲು ಬೇಗ ಸವೆಯುವುದೂ ಉಂಟು.

24 ಮಂದಿ ಕಲಿಯುತ್ತಿದ್ದ ಸರ್ಜನ್‌ಗಳಲ್ಲಿ ಅರ್ಧ ಜನ ಹಲವು ಸುತ್ತು ವಿಆರ್‌ನಲ್ಲಿ ಅಭ್ಯಾಸ ಮಾಡಿದರು. ಉಳಿದವರು ಎಂದಿನ ಹಾಗೆ ಓದಿ, ನೋಡಿ ತಯಾರಾದರು. ಕೊನೆಗೆ ಮೃತದೇಹದ ಮೇಲೆ ಪರೀಕ್ಷೆ. 2019ರ ವರದಿಯ ಪ್ರಕಾರ ಬಟ್ಟಲಿನ ಕೋನದಲ್ಲಿ ವಿಆರ್ ಗುಂಪಿನವರ ಸರಾಸರಿ ತಪ್ಪು 4 ಡಿಗ್ರಿ, ಇನ್ನೊಂದು ಗುಂಪಿನವರದ್ದು 16 ಡಿಗ್ರಿ. ಸಮಯ 42 ನಿಮಿಷ ಮತ್ತು 51 ನಿಮಿಷ. ಒಂಬತ್ತು ನಿಮಿಷ ಉಳಿದರೆ ಏನು ಮಹಾ ಅನ್ನಿಸಬಹುದು. ಆದರೆ ಗಾಯ ತೆರೆದಿಟ್ಟ ಸಮಯ ಹೆಚ್ಚಾದಷ್ಟೂ ಸೋಂಕಿನ ಅಪಾಯ ಹೆಚ್ಚು, ಅರಿವಳಿಕೆಯಲ್ಲಿ ಇರುವ ಹೊತ್ತೂ ಹೆಚ್ಚು.

ಎಲ್ಲ ಸರಿ, ಕೊರತೆ ಏನು?

ಮೊದಲನೆಯ ಕೊರತೆ ಸ್ಪರ್ಶ. ಮೂಳೆ ಡಾಕ್ಟರು ಕಣ್ಣಿಗಿಂತ ಕೈಯನ್ನೇ ಹೆಚ್ಚು ನಂಬುವ ಹೊತ್ತುಗಳಿವೆ. ಡ್ರಿಲ್ ಮೂಳೆಯ ಗಟ್ಟಿ ಪದರ ದಾಟಿ ಒಳಗಿನ ಮೆದು ಭಾಗಕ್ಕೆ ಬಿದ್ದದ್ದು, ಮತ್ತೆ ಆಚೆ ಬದಿಯ ಗಟ್ಟಿ ಪದರ ತಗುಲಿದ್ದು ಬೆರಳಿಗೆ ತಿಳಿಯುತ್ತದೆ. ಸೊಂಟದ ಕೀಲಿನ ಆಪರೇಷನ್‌ನಲ್ಲಿ ಸುತ್ತಿಗೆ ಏಟಿನ ಸದ್ದು ಬದಲಾದಾಗಲೇ ಒಳಗಿನ ಭಾಗ ಗಟ್ಟಿಯಾಗಿ ಕೂತಿತು ಅಂತ ಅನುಭವಿಗಳು ಗುರುತಿಸುತ್ತಾರೆ. ಮಡಕೆ ತಟ್ಟಿ ನೋಡಿ ಕೊಳ್ಳುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಸಾದಾ ವಿಆರ್ ಹಿಡಿಕೆ ಕಂಪಿಸುತ್ತದೆ ಅಷ್ಟೇ, ಮೂಳೆಯ ಗಡಸು ಕೊಡುವುದಿಲ್ಲ. ಕೈಗೆ ಎದುರೊತ್ತು ಕೊಡುವ ಹ್ಯಾಪ್ಟಿಕ್ ಯಂತ್ರಗಳು ಬಂದಿವೆ, ಆದರೆ ಅವು ದುಬಾರಿ.

ಎರಡನೆಯದು, ನಿಜವಾದ ಥಿಯೇಟರಿನ ಒತ್ತಡ. ರಕ್ತ ಜಿನುಗಿ ಏನೂ ಕಾಣದಿರುವುದು, ರೋಗಿಯ ಬಿಪಿ ಇಳಿಯುವುದು, ಬೇಕಾದ ಸೈಜಿನ ನೈಲ್ ಟ್ರೇನಲ್ಲಿ ಇಲ್ಲದಿರುವುದು. ಇಂಥ ಹೊತ್ತಿನಲ್ಲಿ ತಲೆ ತಣ್ಣಗಿಟ್ಟುಕೊಳ್ಳುವುದನ್ನು ಕನ್ನಡಕ ಪೂರ್ತಿ ಕಲಿಸಲಾರದು.

ಮೂರನೆಯದು, ಸಾಕ್ಷ್ಯದ ಮಿತಿ. ಮೇಲಿನ ಎರಡೂ ಮೂಳೆ ಪ್ರಯೋಗಗಳಲ್ಲಿ ಪರೀಕ್ಷೆ ನಡೆದದ್ದು ಪ್ಲಾಸ್ಟಿಕ್ ಮೂಳೆ ಅಥವಾ ಮೃತದೇಹದ ಮೇಲೆ. ಭಾಗವಹಿಸಿದವರ ಸಂಖ್ಯೆಯೂ ಚಿಕ್ಕದು. ವಿಆರ್‌ನಲ್ಲಿ ಕಲಿತವರ ರೋಗಿಗಳು ಬೇಗ ನಡೆದರು, ಕಡಿಮೆ ಕುಂಟಿದರು ಅಂತ ಅವು ಹೇಳುವುದಿಲ್ಲ. ಹೊಸಬರಿಗೆ ಹಂತಗಳನ್ನು ಚೆನ್ನಾಗಿ ಕಲಿಸುತ್ತದೆ ಅನ್ನೋದು ಅವುಗಳಿಂದ ಸಿಗುವ ಗಟ್ಟಿ ಮಾತು.

ನಾಲ್ಕನೆಯದು ಹಣದ ಲೆಕ್ಕ. ಪೆಟ್ಟಿಗೆ ಅಗ್ಗವಾದರೂ ಒಳಗಿನ ತಂತ್ರಾಂಶಕ್ಕೆ ಬೇರೆ ದುಡ್ಡು. ಕೆಲವು ತರಬೇತಿಗಳ ಹಿಂದೆ ರಾಡ್, ಪ್ಲೇಟು, ಕೃತಕ ಕೀಲು ಮಾರುವ ಕಂಪನಿಗಳೇ ಇರುತ್ತವೆ. ಕಲಿಸುವುದು ಒಳ್ಳೆಯದೇ, ಆದರೆ ತಮ್ಮ ಸಾಮಾನಿನ ಮೇಲೆ ಕಲಿತವರು ಮುಂದೆ ಅದೇ ಸಾಮಾನನ್ನು ಕೇಳುತ್ತಾರೆ ಅನ್ನೋದು ವ್ಯಾಪಾರ ಮಾಡುವವರಿಗೆ ಗೊತ್ತಿರುವ ಸತ್ಯ. ಇದರ ಜೊತೆ, ಕೆಲವರಿಗೆ ಪೆಟ್ಟಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಘಾಟಿ ರಸ್ತೆಯ ಬಸ್ಸಿನಲ್ಲಿ ಆದ ಹಾಗೆ ತಲೆ ಸುತ್ತು, ವಾಕರಿಕೆ ಬರುತ್ತದೆ.

ಹಾಗಾದ್ರೆ ಮೊಬೈಲ್ ಗೇಮ್ ಆಡೋ ಮಗ ಸರ್ಜನ್ ಆಗ್ತಾನಾ?

ಈ ಪ್ರಶ್ನೆಯನ್ನೂ ಡಾಕ್ಟರುಗಳು ಬಿಟ್ಟಿಲ್ಲ. 2007ರಲ್ಲಿ ಅಮೆರಿಕದಲ್ಲಿ 33 ಸರ್ಜನ್‌ಗಳ ಮೇಲೆ ಒಂದು ಅಧ್ಯಯನ ನಡೆಯಿತು. ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ವಿಡಿಯೋ ಗೇಮ್ ಆಡಿದ್ದವರು ಲ್ಯಾಪ್ರೊಸ್ಕೋಪಿ ಕೌಶಲದ ಅಭ್ಯಾಸದಲ್ಲಿ 37 ಶೇಕಡಾ ಕಡಿಮೆ ತಪ್ಪು ಮಾಡಿದರು. ಇದನ್ನು ತೋರಿಸಿ ಮಕ್ಕಳು ಇನ್ನೊಂದು ಗಂಟೆ ಮೊಬೈಲ್ ಕೇಳಬಹುದು. ಆದರೆ ಆಟ ಆಡಿದ್ದರಿಂದ ಕೈ ಚುರುಕಾಯಿತೋ, ಕೈ ಚುರುಕಿದ್ದವರೇ ಹೆಚ್ಚು ಆಟ ಆಡಿದರೋ ಅನ್ನೋದನ್ನು ಆ ಅಧ್ಯಯನ ಬಿಡಿಸಿ ಹೇಳುವುದಿಲ್ಲ. ಅವರೆಲ್ಲ ಗೇಮ್ ಜೊತೆ ಪುಸ್ತಕವನ್ನೂ ಓದಿ ಡಾಕ್ಟರಾದವರು ಅನ್ನೋದನ್ನು ಮರೆಯುವಂತಿಲ್ಲ.

ಜಿಲ್ಲೆ, ತಾಲೂಕಿನವರಿಗೆ ಇದರಿಂದ ಏನು?

ದೇಶದಲ್ಲಿ 2022ರ ಒಂದೇ ವರ್ಷ 4,61,312 ರಸ್ತೆ ಅಪಘಾತಗಳು ದಾಖಲಾಗಿವೆ. ಸತ್ತವರು 1,68,491, ಗಾಯಗೊಂಡವರು 4,43,366. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಸತ್ತವರಲ್ಲಿ ದ್ವಿಚಕ್ರ ವಾಹನದವರೇ ಎಲ್ಲರಿಗಿಂತ ಹೆಚ್ಚು. ಗಾಯಗೊಂಡವರಲ್ಲಿ ಕೈಕಾಲು ಮುರಿದವರು ಬಂದು ಸೇರುವುದು ಜಿಲ್ಲಾಸ್ಪತ್ರೆ ಮತ್ತು ಮೆಡಿಕಲ್ ಕಾಲೇಜುಗಳಿಗೆ.

ಅಲ್ಲಿ ಇನ್ನೊಂದು ಸಂಗತಿ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಎಂಡಿ, ಎಂಎಸ್ ಓದುವ ಡಾಕ್ಟರುಗಳು ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಇದಕ್ಕೆ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮ ಅಂತ ಹೆಸರು. ಅಂದರೆ ಕಲಿಯುತ್ತಿರುವ ಮೂಳೆ ಡಾಕ್ಟರು ದೂರದ ಬೆಂಗಳೂರಿನಲ್ಲಿ ಮಾತ್ರ ಇರುವುದಿಲ್ಲ, ಜಿಲ್ಲಾ ಕೇಂದ್ರದ ವಾರ್ಡಿನಲ್ಲೂ ಇರುತ್ತಾರೆ. ಅವರು ಬರುವ ಮೊದಲೇ ಹಂತಗಳನ್ನು ಹತ್ತಾರು ಸಲ ಅಭ್ಯಾಸ ಮಾಡಿಕೊಂಡು ಬಂದಿದ್ದರೆ ಲಾಭ ಆಗೋದು ಆ ವಾರ್ಡಿನಲ್ಲಿ ಮಲಗಿದವರಿಗೆ.

ಮೆಡಿಕಲ್ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಇರಬೇಕು ಅನ್ನುವ ನಿಯಮ ಈಗಾಗಲೇ ಇದೆ. ಗೊಂಬೆಯ ಮೇಲೆ ಇಂಜೆಕ್ಷನ್, ಹೊಲಿಗೆ, ಎದೆ ಒತ್ತಿ ಉಸಿರು ಕೊಡುವುದು ಇವುಗಳ ಅಭ್ಯಾಸ ಅಲ್ಲಿ ನಡೆಯುತ್ತದೆ. ಅದೇ ಕೋಣೆಯಲ್ಲಿ ನಾಲ್ಕು ವಿಆರ್ ಪೆಟ್ಟಿಗೆ ಇಡಲು ಹೊಸ ಕಟ್ಟಡ ಬೇಕಿಲ್ಲ. ಬೇಕಾಗೋದು ತಂತ್ರಾಂಶದ ಖರ್ಚು, ಕೂತು ಕಲಿಸುವ ಹಿರಿಯರ ಸಮಯ, ಮತ್ತು ಇದನ್ನು ಕಪಾಟಿನಲ್ಲಿ ಬೀಗ ಹಾಕಿ ಇಡದೆ ದಿನಾ ಬಳಸುವ ಮನಸ್ಸು.

ಊರಲ್ಲಿ ಕೆಲಸ ಮಾಡುವ ಡಾಕ್ಟರಿಗೂ ಇದು ಉಪಯೋಗಕ್ಕೆ ಬರಬಹುದು. ಜಿಲ್ಲಾ ಕೇಂದ್ರದಲ್ಲಿ ಅಪರೂಪಕ್ಕೆ ಬರುವ ಕೇಸನ್ನು ಮಾಡಿ ವರ್ಷವಾಗಿರುತ್ತದೆ. ಬೆಂಗಳೂರಿಗೆ ಹೋಗಿ ತರಬೇತಿ ಪಡೆಯಲು ಬಿಡುವಿಲ್ಲ. ಆಪರೇಷನ್ ಹಿಂದಿನ ರಾತ್ರಿ ಮನೆಯಲ್ಲೇ ಕೂತು ಒಂದು ಸುತ್ತು ಹಂತಗಳನ್ನು ನೆನಪು ಮಾಡಿಕೊಳ್ಳಬಹುದು, ನಾಟಕದವರು ಪ್ರದರ್ಶನಕ್ಕೆ ಮೊದಲು ಒಂದು ಸಲ ತಾಲೀಮು ಮಾಡಿಕೊಂಡ ಹಾಗೆ.

ರೋಗಿ ಕಡೆಯವರು ಏನು ಕೇಳಬಹುದು?

ವಿಆರ್ ಇರಲಿ, ಇಲ್ಲದಿರಲಿ, ಆಪರೇಷನ್‌ಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳುವ ಹಕ್ಕು ಎಲ್ಲರಿಗೂ ಇದೆ. ಜಗಳದ ಧ್ವನಿಯಲ್ಲಿ ಕೇಳಬೇಕಿಲ್ಲ, ಸಮಾಧಾನವಾಗಿ ಕೇಳಿದರೆ ಬಹುತೇಕ ಡಾಕ್ಟರು ಉತ್ತರ ಕೊಡುತ್ತಾರೆ.

ಆಪರೇಷನ್ ಮಾಡುವವರು ಯಾರು? ಕಲಿಯುತ್ತಿರುವ ಡಾಕ್ಟರು ಮಾಡುವುದಾದರೆ ಹಿರಿಯ ಸರ್ಜನ್ ಥಿಯೇಟರಿನೊಳಗೆ ಇರುತ್ತಾರಾ?

ಈ ಆಪರೇಷನ್ ಈ ಆಸ್ಪತ್ರೆಯಲ್ಲಿ ಎಷ್ಟು ದಿನಕ್ಕೊಮ್ಮೆ ನಡೆಯುತ್ತದೆ?

ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯಾ, ಪ್ಲಾಸ್ಟರ್‌ನಲ್ಲೇ ಗುಣ ಆಗುತ್ತದಾ?

ಆಪರೇಷನ್ ಆದ ಮೇಲೆ ಎಷ್ಟು ದಿನಕ್ಕೆ ಕಾಲೂರಬಹುದು, ಮತ್ತೆ ಎಕ್ಸ್‌ರೇಗೆ ಯಾವಾಗ ಬರಬೇಕು?

ಕಲಿಯುತ್ತಿರುವ ಡಾಕ್ಟರು ಅಂದ ತಕ್ಷಣ ಹೆದರಬೇಕಾದ್ದೂ ಇಲ್ಲ. ಹಿರಿಯರ ಕಣ್ಣೆದುರು, ತಯಾರಾಗಿ ಬಂದ ಕಿರಿಯರು ಮಾಡುವ ಆಪರೇಷನ್ ಸುರಕ್ಷಿತವಾಗಿಯೇ ನಡೆಯುತ್ತದೆ. ತಯಾರಾಗಿ ಬರುವುದು ಅನ್ನುವ ಆ ಒಂದು ಭಾಗಕ್ಕೆ ಈಗ ಒಂದು ಸಾಧನ ಸಿಕ್ಕಿದೆ. ಕನ್ನಡಕ ಹಾಕಿದವರೆಲ್ಲ ಸರ್ಜನ್ ಆಗುವುದಿಲ್ಲ. ಕೈ ಹಿಡಿದು ತಿದ್ದುವ ಗುರುವಿನ ಜಾಗವನ್ನು ಯಂತ್ರ ತೆಗೆದುಕೊಳ್ಳುವುದೂ ಇಲ್ಲ. ಆದರೆ ಮೊದಲ ಹತ್ತು ತಪ್ಪುಗಳನ್ನು ಯಾರ ಕಾಲಿನ ಮೇಲೂ ಮಾಡದೆ, ಯಾರಿಗೂ ನೋವಾಗದ ಕಡೆ ಮಾಡಿ ಮುಗಿಸಬಹುದು. ಬೈಕಿನಿಂದ ಬಿದ್ದು ಸ್ಟ್ರೆಚರ್ ಮೇಲೆ ಮಲಗಿದವರಿಗೆ ಅಷ್ಟೂ ದೊಡ್ಡದೇ.